ಹೆದೆಯ ಮೇಲಿನ ಗಂಟು ಎಲ್ಲಿರಬೇಕು?

ಬಿಲ್ಲುಗಾರಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಂದು 60 ಇಂಚಿನ ಕಟ್ಟಿಗಿ ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲು, ಎಳೆತ 40 ಪೌಂಡಿಂದು. ರೆಸ್ಟ್ (ಬಾಣಕ್ಕೆ ಅಂಟಿಸುವ ಬಿಡಿ ಆಸರೆ) ಹಚ್ಚಿಲ್ಲ, ಶೆಲ್ಫ್ (ಹಿಡಿಕೆಯ ಮೇಲೆ ಬಾಣ ಕೂರಲು ಕೆತ್ತಿದ ಮೆಟ್ಟಿಲು) ಮ್ಯಾಲಿಂದನ ಬಿಡತೀನಿ. ಒಂದು ಬೆರಳು ಬಾಣದ ಮ್ಯಾಲ, ಎರಡು ಕೆಳಗ. ನಾಕಿಂಗ್ ಪಾಯಿಂಟ್ (ಬಾಣ ಕೂರುವ ಜಾಗ ತೋರಿಸುವ ಹೆದೆಯ ಗಂಟು) ಶೆಲ್ಫಿಗೆ ಸಮಾ ಕಟ್ಟೀನಿ. ಬಾಣ ಹೋಗೂಮುಂದ ಬಾಲ ಮ್ಯಾಲ ಎದ್ದು ಹೊಕ್ಕೈತಿ. ಗಂಟು ಇನ್ನೂ ಕೆಳಗ ಇಳಸಬೇಕೇನ್ರಿ?
(ಗೋಕಾಕದ ಓದುಗರು)

ಉತ್ತರ: ಬೇಡ್ರಿ, ಮೇಲಕ್ಕೆ ಏರಿಸಿ. ಗಂಟು ಶೆಲ್ಫಿನ ಮಟ್ಟಕ್ಕೇ ಇದ್ದರೆ, ಬಿಟ್ಟ ಕೂಡಲೇ ಬಾಣದ ಹಿಂಭಾಗ ಶೆಲ್ಫಿಗೆ ಬಡಿದು ಮೇಲಕ್ಕೆ ಪುಟಿಯುತ್ತದೆ. ನೋಡಿದವರಿಗೆ ಬಾಲ ಮೇಲೆದ್ದದ್ದಷ್ಟೇ ಕಾಣುವುದರಿಂದ, ಗಂಟು ಎತ್ತರವಾಯಿತೆಂದು ತಿಳಿದು ಇನ್ನೂ ಇಳಿಸುತ್ತಾರೆ. ಪುಟಿತ ಹೆಚ್ಚುತ್ತದೆ. ಗಂಟು ಎತ್ತರವಿದ್ದಾಗ ತಪ್ಪು ಇದ್ದಹಾಗೇ ಕಾಣುತ್ತದೆ. ತಗ್ಗಿದ್ದಾಗ ಉಲ್ಟಾ ಕಾಣಬಹುದು. ಅದಕ್ಕೇ ಯಾವಾಗಲೂ ಮೇಲಿನಿಂದ ಶುರು ಮಾಡಿ ಕೆಳಗೆ ಬರಬೇಕು.

ಗಂಟಿಗೆ ಕೈ ಹಚ್ಚುವ ಮೊದಲು ಬ್ರೇಸ್ ಹೈಟ್, ಅಂದರೆ ಹಿಡಿಕೆಯ ಒಳಗುಣಿಯಿಂದ ಹೆದೆಗಿರುವ ಅಂತರ, ಗಟ್ಟಿ ಮಾಡಿಕೊಳ್ಳಿ. ನಿಮ್ಮ ಉದ್ದದ ರಿಕರ್ವ್‌ಗೆ ಏಳೂವರೆಯಿಂದ ಎಂಟೂವರೆ ಇಂಚು, ಲಾಂಗ್‌ಬೋ (ತುದಿ ಮುಂದಕ್ಕೆ ಬಾಗದ ಉದ್ದ ಬಿಲ್ಲು) ಆದರೆ ಆರೂವರೆಯಿಂದ ಏಳೂವರೆ. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಹೆದೆಗೆ ತಿರುವು ಹೆಚ್ಚಿಸಿದರೆ ಅದು ಗಿಡ್ಡಾಗಿ ಬ್ರೇಸ್ ಹೈಟ್ ಏರುತ್ತದೆ, ಬಿಚ್ಚಿದರೆ ಇಳಿಯುತ್ತದೆ. ಹಾಗೆ ತಿರುವಿದಾಗಲೆಲ್ಲ ಗಂಟೂ ತನ್ನ ಜಾಗ ಬಿಡುತ್ತದೆ. ಹೊಸ ಡೆಕ್ರಾನ್ (ಪಾಲಿಯೆಸ್ಟರ್ ದಾರದ) ಹೆದೆಯಾದರೆ 50ರಿಂದ 100 ಬಾಣ ಬಿಡುವವರೆಗೂ ಹಿಗ್ಗುತ್ತಿರುತ್ತದೆ. ಅಲ್ಲಿಯವರೆಗೆ ಪಕ್ಕಾ ಗಂಟು ಕಟ್ಟುವುದು ವ್ಯರ್ಥ.

ಅಳತೆಗೆ ಬೋ ಸ್ಕ್ವೇರ್ ಇದ್ದರೆ ಒಳ್ಳೆಯದು. ಇಲ್ಲವೇ ಬಡಗಿಯ ಸಣ್ಣ ಮೂಲೆಮಟ್ಟ ಸಾಕು. ಒಂದು ಅಂಚು ಹೆದೆಗೆ ತಾಗಿರಲಿ, ಇನ್ನೊಂದು ಶೆಲ್ಫಿನಲ್ಲಿ ಬಾಣ ತಾಗುವ ಎತ್ತರದ ಜಾಗದ ಮೇಲೆ ಕೂರಲಿ. ಅದು ಹೆದೆಗೆ ಸಂಧಿಸುವ ಬಿಂದುವೇ ಸೊನ್ನೆ. ಅಲ್ಲಿಂದ ಮೇಲೆ ಗಂಟಿನ ಕೆಳ ಅಂಚಿಗೆ ಅಳೆಯಬೇಕು, ಗಂಟಿನ ನಡುವಿಗಲ್ಲ. ಬಾಣದ ನಾಕ್, ಅಂದರೆ ಬಾಲದ ತುದಿಯ ಸೀಳು, ಈ ಗಂಟಿನ ಕೆಳಗೆ ಕಚ್ಚಿಕೊಳ್ಳುತ್ತದೆ. ನಿಮ್ಮ ಹಿಡಿತಕ್ಕೆ ಸಾಧಾರಣವಾಗಿ ನಿಲ್ಲುವ ಜಾಗ ಅರ್ಧ ಇಂಚು, ಸುಮಾರು 13 ಮಿ.ಮೀ. 8 ಮಿ.ಮೀ. ದಪ್ಪದ ಕಟ್ಟಿಗೆ ಬಾಣವಿದ್ದರೆ ಅದರ ತಳ ಸೊನ್ನೆಗಿಂತ 5 ಮಿ.ಮೀ. ಮೇಲಿದ್ದ ಹಾಗಾಯಿತು. ತೆಳುವಾದ ಕಾರ್ಬನ್ ಬಾಣಕ್ಕೆ ಬದಲಾದರೆ ಅದೇ ಗಂಟಿಗೆ ತಳ ಇನ್ನೂ ಮೇಲೇರುತ್ತದೆ. ಆದ್ದರಿಂದ ಬಾಣ ಬದಲಾದರೆ ಅಳತೆಯನ್ನೂ ಮತ್ತೆ ನೋಡಬೇಕು.

ಮೊದಲು ಮುಕ್ಕಾಲು ಇಂಚಿಗೆ ತಾತ್ಪೂರ್ತಿಕ ಗಂಟು ಹಾಕಿ. ಗರಿ ಇರುವ ಮೂರು ಬಾಣ, ಅದೇ ಉದ್ದ ಮತ್ತು ಅದೇ ತುದಿತೂಕದ ಗರಿ ಇಲ್ಲದ ಎರಡು ಬಾಣ ತೆಗೆದುಕೊಳ್ಳಿ. 10 ಮೀಟರಿನಿಂದ ಬಿಡಿ, ಹೊಂದಿಕೆ ಬಂದ ಮೇಲೆ 15ಕ್ಕೆ ಹೋಗಿ. ಗರಿ ಇಲ್ಲದ್ದು ಗರಿಯದ್ದಕ್ಕಿಂತ ಕೆಳಗೆ ನೆಟ್ಟರೆ ಗಂಟು ಎತ್ತರವಿದೆ, ಇಳಿಸಿ. ಮೇಲೆ ನೆಟ್ಟರೆ ತಗ್ಗಿದೆ, ಏರಿಸಿ. ಒಮ್ಮೆಗೆ ಒಂದೂವರೆ ಮಿ.ಮೀ. ಮೀರಬೇಡಿ. ಗರಿ ಇಲ್ಲದ ಬಾಣ ಗರಿಯದ್ದರ ಮಟ್ಟಕ್ಕೋ ಕೂದಲೆಳೆ ಕೆಳಗೋ ಬಂದಾಗ ನಿಲ್ಲಿಸಿ. ಕೂದಲೆಳೆ ಕೆಳಗಿದ್ದರೆ ಹೆಚ್ಚು ಒಳ್ಳೆಯದು, ಗರಿ ಶೆಲ್ಫಿಗೆ ತಾಗದಂತೆ ಜಾಗ ಉಳಿಯುತ್ತದೆ. ಎಡಬಲದ ತಪ್ಪನ್ನು ಈಗ ಲೆಕ್ಕಕ್ಕೆ ಹಿಡಿಯಬೇಡಿ. ಅದು ಬಾಣದ ಬಿರುಸಿನ, ಅಂದರೆ ಅದು ಎಷ್ಟು ಬಾಗುತ್ತದೆಂಬುದರ ವಿಷಯ, ಗಂಟಿನಿಂದ ಸರಿಹೋಗುವಂಥದ್ದಲ್ಲ. ಗುರಿಯ ಹಲಗೆ ಮೆತ್ತಗಿರಲಿ. ಗರಿ ಇಲ್ಲದ ಬಾಣ ಓರೆಯಾಗಿ ಚುಚ್ಚಿ ಮುರಿಯುವುದು ಸಾಮಾನ್ಯ.

ಎಲ್ಲಿಟ್ಟರೂ ಬಾಲ ಮೇಲೇ ಏಳುತ್ತಿದ್ದರೆ ಗರಿ ಶೆಲ್ಫಿಗೆ ಬಡಿಯುತ್ತಿದೆಯೇ ನೋಡಿ. ಶೆಲ್ಫಿಗೆ ಟಾಲ್ಕಂ ಪೌಡರ್ ಹಚ್ಚಿ ಒಂದು ಬಾಣ ಬಿಟ್ಟರೆ ಗೆರೆ ಕಾಣುತ್ತದೆ. ಮನೆಯಲ್ಲಿದೆ ಎಂದು ರಂಗೋಲಿ ಪುಡಿ ಹಾಕಬೇಡಿ, ಅದು ಕಲ್ಲಿನ ಪುಡಿ, ಗರಿಯನ್ನು ಉಜ್ಜಿ ಹಾಳು ಮಾಡುತ್ತದೆ.

ಪ್ರಶ್ನೆ: ಮೂರೂ ಬೆರಳು ಬಾಣದ ಕೆಳಗಿಟ್ಟು ಎಳೆಯುತ್ತೇನೆ. ಬಿಲ್ಲು 56 ಇಂಚಿನದು. ಪೂರ್ತಿ ಎಳೆದಾಗ ಬಾಣ ಹೆದೆಯ ಮೇಲೆ ಕೆಳಗೆ ಜಾರುತ್ತದೆ. ಬಾಣಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬೀಳುತ್ತವೆ. ಮೇಲಿನ ಗಂಟು ಸರಿ ಇದೆ.
(ವಿಜಯಪುರದ ಓದುಗರು)

ಉತ್ತರ: ಮೇಲಿನ ಗಂಟು ಬಾಣ ಮೇಲೇರುವುದನ್ನಷ್ಟೇ ತಡೆಯುತ್ತದೆ. ಮೂರು ಬೆರಳೂ ಕೆಳಗಿದ್ದಾಗ ಬಾಣದ ಮೇಲೆ ಒತ್ತುವ ಬೆರಳಿಲ್ಲ, ಕೆಳಗೆ ಜಾರದಂತೆ ಎರಡನೇ ಗಂಟು ಬೇಕೇಬೇಕು. ನಾಕನ್ನು ಮೇಲಿನ ಗಂಟಿಗೆ ಒತ್ತಿ, ನಾಕಿನ ತಳದಿಂದ ಸುಮಾರು 1 ಮಿ.ಮೀ. ಬಿಟ್ಟು ಕೆಳಗಿನದನ್ನು ಕಟ್ಟಿ. ಈ ಸಂದನ್ನು ಬಿಡದೆ ಎರಡೂ ಕಡೆ ಬಿಗಿ ಕಟ್ಟುವುದು ಬಹಳ ಜನ ಮಾಡುವ ಕೆಲಸ. ಎಳೆದಾಗ ಹೆದೆ ಮಡಚಿ ಕೋನ ಚೂಪಾಗುತ್ತದೆ, ಎರಡು ಗಂಟುಗಳು ನಾಕನ್ನು ಹಿಸುಕುತ್ತವೆ, ಬಾಣ ಶೆಲ್ಫಿನಿಂದ ಮೇಲೇಳುತ್ತದೆ. 56 ಇಂಚಿನಂಥ ಗಿಡ್ಡ ಬಿಲ್ಲಿನಲ್ಲಿ ಈ ತಾಪತ್ರಯ ಜಾಸ್ತಿ.

ನಿಮ್ಮ ಹಿಡಿತಕ್ಕೆ ಮೇಲಿನ ಗಂಟು ಹೆಚ್ಚಾಗಿ 16ರಿಂದ 19 ಮಿ.ಮೀ. ನಡುವೆ ನಿಲ್ಲುತ್ತದೆ. ಪರೀಕ್ಷೆ ಮೇಲೆ ಹೇಳಿದ್ದೇ.

ನಾಕ್ ಎಷ್ಟು ಬಿಗಿ ಎಂಬುದನ್ನೂ ನೋಡಿ. ಬಿಲ್ಲನ್ನು ಅಡ್ಡ ಹಿಡಿದು ಬಾಣವನ್ನು ಹೆದೆಯಿಂದ ನೇತುಬಿಡಿ. ಅದು ತಾನಾಗಿ ಬೀಳಬಾರದು. ನಾಕಿನಿಂದ ಮೂರ್ನಾಲ್ಕು ಸೆಂ.ಮೀ. ದೂರದಲ್ಲಿ ಹೆದೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬೀಳಬೇಕು. ಬೀಳದಿದ್ದರೆ ಸರ್ವಿಂಗ್ (ಹೆದೆಯ ನಡುವೆ ಸುತ್ತಿದ ಕಾವಲು ದಾರ) ದಪ್ಪವಾಗಿದೆ: 0.021 ಇಂಚಿನ ದಾರ ಬಿಚ್ಚಿ 0.018ರದ್ದು ಸುತ್ತಿ. ತಾನೇ ಬಿದ್ದರೆ ಅದು ಇನ್ನೂ ಅಪಾಯ. ಬಾಣ ಕಳಚಿಕೊಂಡ ಹೆದೆಯನ್ನು ಬಿಟ್ಟರೆ ಖಾಲಿ ಬಿಟ್ಟ ಹಾಗೇ, ಬಿಲ್ಲಿನ ರೆಕ್ಕೆ (ಹಿಡಿಕೆಯ ಮೇಲೆ, ಕೆಳಗೆ ಬಾಗುವ ಭಾಗ) ಸೀಳಬಹುದು.

ಪ್ರಶ್ನೆ: ಹಿತ್ತಾಳಿ ಉಂಗುರ ಛಲೋನೋ, ದಾರದ ಗಂಟು ಛಲೋನೋ? ಇಲ್ಲಿ ಮಗ್ಗದ ರೇಷ್ಮಿ ಎಳಿ ಸಿಗತೈತಿ, ನಡೀತೈತೇನು?
(ಇಳಕಲ್ಲಿನ ಓದುಗರು)

ಉತ್ತರ: ದಾರವೇ. ಹಿತ್ತಾಳೆ ಉಂಗುರ ಹೆದೆಗೆ ತೂಕ ಕೂಡಿಸುತ್ತದೆ, ಬೆರಳಿನ ಚರ್ಮಪಟ್ಟಿಯನ್ನು ತರಚುತ್ತದೆ, ಇಕ್ಕಳದಿಂದ ಜೋರಾಗಿ ಅಮುಕಿದರೆ ಸರ್ವಿಂಗನ್ನೇ ಕತ್ತರಿಸುತ್ತದೆ. ಜಾಗ ಹುಡುಕುವಾಗ ಸಡಿಲವಾಗಿ ಹಾಕಿ ತೆಗೆಯಲು ಅನುಕೂಲ, ಅಷ್ಟೇ.

ಹೊಸೆದ ಅಪ್ಪಟ ರೇಷ್ಮೆಯಾದರೆ ಧಾರಾಳವಾಗಿ ನಡೆಯುತ್ತದೆ. ಮೂರ್ನಾಲ್ಕು ಎಳೆ ಕೂಡಿಸಿ, ಜೇನುಮೇಣ ಸವರಿ ಬಳಸಿ. ಆರ್ಟ್ ಸಿಲ್ಕ್ ಬೇಡ, ಅದು ರೇಯಾನ್. ನೆನೆದರೆ ಬಲ ಕಳೆದುಕೊಳ್ಳುತ್ತದೆ. ಔಷಧಿ ಅಂಗಡಿಯ ಡೆಂಟಲ್ ಫ್ಲಾಸ್ ಕೂಡ ಗಟ್ಟಿ.

ಕಟ್ಟುವುದು ಹೀಗೆ: ಹೆದೆಯ ಮುಂದೆ ಒಂದು ಅರೆಗಂಟು, ಹಿಂದೆ ಒಂದು, ಮತ್ತೆ ಮುಂದೆ, ಪ್ರತಿಸಲವೂ ಬಿಗಿ ಎಳೆದು. ಏಳೆಂಟು ಆದ ಮೇಲೆ ಕೊನೆಗೆ ಜೋಡಿ ಗಂಟು. ಹೀಗೆ ಕಟ್ಟಿದ್ದು ಸರ್ವಿಂಗಿನ ಸುತ್ತುಗಳ ಮೇಲೆ ತಿರುಪಿನ ಹಾಗೆ ಕೂರುತ್ತದೆ. ಉಗುರಿನಿಂದ ತಿರುಗಿಸಿದರೆ ಎಳೆಯಷ್ಟೇ ಮೇಲೆ ಕೆಳಗೆ ಸರಿಯುತ್ತದೆ, ಬಿಚ್ಚಿ ಕಟ್ಟುವ ರಗಳೆಯಿಲ್ಲ. ಜಾಗ ಖಾತ್ರಿಯಾದ ಮೇಲೆ ಮಾತ್ರ ಒಂದು ಹನಿ ಫೇವಿಕ್ವಿಕ್, ಗಂಟಿನ ಮೇಲೆ. ಅದು ಒಳಗಿನ ಹೆದೆಗೆ ಹರಿದರೆ ಎಳೆಗಳು ಅಲ್ಲಿ ಪೆಡಸಾಗುತ್ತವೆ.

ಪ್ರಶ್ನೆ: ಬಿದಿರಿನ ಬಿಲ್ಲಿಗೆ ಶೆಲ್ಫೇ ಇಲ್ಲ, ಬಾಣ ಕೈಮೇಲೆ ಕೂರುತ್ತದೆ. ಎಲ್ಲಿಂದ ಅಳೆಯುವುದು?
(ಖಾನಾಪುರದ ಓದುಗರು)

ಉತ್ತರ: ನಿಮ್ಮ ಕೈಯೇ ಶೆಲ್ಫ್, ಹಾಗಾಗಿ ಮೊದಲು ಕೈಯ ಜಾಗ ಕಾಯಂ ಆಗಬೇಕು. ಹಿಡಿಕೆಗೆ ಚರ್ಮ ಸುತ್ತಿ, ತೋರುಬೆರಳ ಗೆಣ್ಣು ಪ್ರತಿಸಲವೂ ಚರ್ಮದ ಮೇಲಂಚಿಗೆ ಸರಿಯಾಗಿ ಬರುವಂತೆ ಹಿಡಿಯಿರಿ. ಆ ಅಂಚನ್ನು ಸೊನ್ನೆ ಮಾಡಿ, ಮೇಲೆ ಹೇಳಿದಂತೆ ಮುಕ್ಕಾಲು ಇಂಚಿನಿಂದ ಶುರು ಮಾಡಿ. ಕೈ 3 ಮಿ.ಮೀ. ಕೆಳಗೆ ಜಾರಿದರೆ ಗಂಟು 3 ಮಿ.ಮೀ. ಏರಿದಂತೆಯೇ. ಗರಿಯ ಮುಂತುದಿಯನ್ನು ದಾರದಿಂದ ಸುತ್ತಿ ಅಂಟು ಹಚ್ಚಿ, ಇಲ್ಲವಾದರೆ ಕೈಗೆ ಸಿಬಿರಿನಂತೆ ಚುಚ್ಚುತ್ತದೆ.

ಬಿಲ್ಲಿನ ಮೇಲ್ತುದಿಗೂ ಹೆದೆಯ ಮೇಲಿನ ಕುಣಿಕೆಗೂ ಬಣ್ಣದ ಗುರುತು ಹಾಕಿ. ಒಂದು ಬೆರಳು ಮೇಲಿಟ್ಟು ಎಳೆಯುವವರ ಬಿಲ್ಲಿಗೆ ಕೆಳರೆಕ್ಕೆಯನ್ನು ತುಸು ಬಿರುಸಾಗಿ ಕೆತ್ತಿರುತ್ತಾರೆ. ತಲೆಕೆಳಗಾಗಿ ಹೆದೆಯೇರಿಸಿದರೆ ಅಳತೆಯೆಲ್ಲ ಕೆಡುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಹೆದೆಗೆ ವಾರಕ್ಕೊಮ್ಮೆ ಮೇಣ ಉಜ್ಜಿ. ಅದೇ ಹೊತ್ತಿಗೆ ಸರ್ವಿಂಗ್ ಸಡಿಲವಾಗಿ ಗಂಟಿನ ಸಮೇತ ಸರಿದಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿ.