ಕೆರೆ ತುಂಬಿದ್ಮೇಲೆ ಮರಿ ಕೇಳಿದ್ರೆ ತಡ ಆಯ್ತು

ಪ್ರಶ್ನೆ: ಸರ್, ನಮ್ದು ಕೋಲಾರ ತಾಲ್ಲೂಕು. ಊರ ಕೆರೆ ನಮ್ಮ ಮೀನುಗಾರರ ಸಂಘಕ್ಕೆ ಗುತ್ತಿಗೆ ಆಗೈತೆ, ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡೋದು) ಬಂದ್ಮೇಲೆ ಬತ್ತಿಲ್ಲ. ಹೋದ್ಸಲ ಅಕ್ಟೋಬರಲ್ಲಿ ಸರ್ಕಾರಿ ಮೀನುಮರಿ ಕೇಂದ್ರದಲ್ಲಿ 50 ಸಾವಿರ ಬಲಿತ ಮರಿ (ಬೆರಳುದ್ದದವು) ಕೇಳಿದ್ವಿ. ಡಿಸೆಂಬರಲ್ಲಿ 20 ಸಾವಿರ ಕೊಟ್ರು, ಅದೂ ಒಂದೊಂದು ಇಂಚಿನವು. ಕೇಳಿದ್ರೆ ಫಂಡ್ ಇಲ್ಲ ಅಂತಾರೆ. ನಿಜವಾಗ್ಲೂ ದುಡ್ಡಿಲ್ವಾ, ಇಲ್ಲ ಪ್ಲಾನಿಂಗೇ ಇಲ್ವಾ?

ಉತ್ತರ: ದುಡ್ಡು ಕಮ್ಮಿ ಅನ್ನೋದು ಸುಳ್ಳಲ್ಲ, ಆದ್ರೆ ನಾನು ಮರಿ ಕೇಂದ್ರದಲ್ಲಿ ಕೆಲಸ ಮಾಡಿದಷ್ಟು ವರ್ಷ ನೋಡಿದ್ದು ಏನಂದ್ರೆ, ದುಡ್ಡು ಎಷ್ಟು ಬಂತು ಅನ್ನೋದಕ್ಕಿಂತ ಯಾವಾಗ ಬಂತು ಅನ್ನೋದೇ ದೊಡ್ಡ ತಲೆನೋವು.

ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆ ಇಡೋದು ಮುಂಗಾರಲ್ಲಿ, ಜೂನ್‌ನಿಂದ ಆಗಸ್ಟ್ ಅಂದ್ಕೊಳ್ಳಿ. ಆಗ ಹಾರ್ಮೋನ್ ಇಂಜೆಕ್ಷನ್ ಕೊಟ್ರೆ ಸಾಕು ಅಂತ ಜನ ಅಂದ್ಕೋತಾರೆ, ಆದ್ರೆ ತಾಯಿ ಮೀನಿನ ಹೊಟ್ಟೆ ತುಂಬಬೇಕಲ್ಲ, ಅದಕ್ಕೆ ಫೆಬ್ರವರಿಯಿಂದಲೇ ಕಡಲೆಕಾಯಿ ಹಿಂಡಿ, ತೌಡು ಹಾಕಿ ಸಾಕಬೇಕು. ಕೊಳ ಒಣಗಿಸಿ ಸುಣ್ಣ ಹೊಡೆಯೋದು, ಸಗಣಿ ಗೊಬ್ಬರ ಹಾಕೋದು ಎಲ್ಲಾ ಏಪ್ರಿಲ್, ಮೇನಲ್ಲೇ. ಸರ್ಕಾರದ ಲೆಕ್ಕದಲ್ಲಿ ಮಾರ್ಚಿಗೆ ವರ್ಷ ಮುಗೀತು, ಹೊಸ ವರ್ಷದ ಅನುದಾನ ಕೈಗೆ ಸಿಗೋ ಹೊತ್ತಿಗೆ ಮಳೆ ಶುರು. ಹಿಂಡಿ ಅಂಗಡಿಯವನಿಗೆ ಅನುದಾನ ಬರುತ್ತೆ ಇರಪ್ಪ ಅಂತ ಎಷ್ಟು ಸಲ ಹೇಳಿದೀನೋ ನನಗೇ ಲೆಕ್ಕ ಇಲ್ಲ. ಮರಿ ಮಾರಿದ ದುಡ್ಡಾದ್ರೂ ಬಳಸ್ಕೊಳ್ಳೋಣ ಅಂದ್ರೆ ಅದು ನೇರ ಖಜಾನೆಗೆ ಹೋಗುತ್ತೆ.

ಇನ್ನೊಂದು ವಿಷ್ಯ ಜಾಗ. ಮರಿ ಕೇಂದ್ರದ ರಿಪೋರ್ಟಲ್ಲಿ ಲಕ್ಷಗಟ್ಲೆ ಮರಿ ಅಂತಿದ್ರೆ ಅದು ಯಾವ ಸೈಜಿಂದು ಅಂತ ಮೊದ್ಲು ನೋಡಿ. ಮೂರು ದಿನದ ಮರಿ ಒಂದು ಲಕ್ಷ ಕೊಳಕ್ಕೆ ಬಿಟ್ರೆ ಇಂಚು ಬೆಳೆಯೋ ಹೊತ್ತಿಗೆ ಉಳಿಯೋದು 30-40 ಸಾವಿರ, ಅದನ್ನ ಇನ್ನೆರಡು ತಿಂಗಳು ಸಾಕಿ ಮೂರ್ನಾಲ್ಕು ಇಂಚು ಮಾಡೋಷ್ಟರಲ್ಲಿ 20-25 ಸಾವಿರ. ಅಷ್ಟು ದಿನ ಸಾಕೋಕೆ ಕೊಳ, ಮೇವು, ಆಳು ಬೇಕು, ಕಡಿತ ಬೀಳೋದು ಅಲ್ಲಿಗೇ. ಡಿಸೆಂಬರಲ್ಲಿ ಒಂದಿಂಚಿನ ಮರಿ ಅಂದ್ರೆ ಅದು ಮುಂಗಾರು ಬಿಟ್ಟು ಬೇರೆ ಕಾಲದಲ್ಲೂ ಮೊಟ್ಟೆ ಇಡೋ ಸಾಮಾನ್ಯ ಗೆಂಡೆ ಇರಬೇಕು, ಇಲ್ಲಾ ಜಾಗ ಸಾಲದೆ ಒತ್ತೊತ್ತಾಗಿ ಸಾಕಿ ಕುಳ್ಳಾಗಿರೋ ಕಾಟ್ಲಾ. ಕುಳ್ಳಾಗಿರೋವು ಕೆಟ್ಟ ಮರಿ ಅಲ್ಲ, ಜಾಗ ಸಿಕ್ಕಿದ ತಕ್ಷಣ ಚೆನ್ನಾಗೇ ಬೆಳೀತವೆ, ಆದ್ರೆ ಕೊರಮೀನು ಇರೋ ಕೆರೆಗೆ ಇಂಚಿನ ಮರಿ ಬಿಡೋದು ಅಂದ್ರೆ ಅದಕ್ಕೆ ಊಟ ಹಾಕ್ದಂಗೆ.

ನಿಮ್ಮ ಭಾಗದ ಕಷ್ಟ ಬೇರೆ. ಕೋಲಾರದ ಕಡೆ ವರ್ಷವಿಡೀ ಹರಿಯೋ ನದಿ ಇಲ್ಲ, ಮಳೆಗೆ ಕೆರೆ ತುಂಬೋದು ಸೆಪ್ಟೆಂಬರ್, ಅಕ್ಟೋಬರಲ್ಲಿ, ಅಷ್ಟೊತ್ತಿಗೆ ಮರಿ ಸೀಸನ್ನೇ ಮುಗಿದಿರುತ್ತೆ. ಆದ್ರೆ 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬರೋಕೆ ಶುರು ಆದ್ಮೇಲೆ ನಿಮ್ಮಂಥ ಕೆರೆಗೆ ಮಳೆ ಕಾಯೋ ಅಗತ್ಯ ಇಲ್ಲ. ಮೀನುಗಾರಿಕೆ ಇಲಾಖೆಯ ಹಳೇ ಪಟ್ಟಿಲಿ ಅದಿನ್ನೂ ಬತ್ತೋ ಕೆರೆ ಅಂತಲೇ ಇದ್ಯಾ ನೋಡಿ, ಇದ್ರೆ ಅರ್ಜಿ ಕೊಟ್ಟು ತಿದ್ದಿಸಿ. ಮುಂದಿನ ಸಲ ಅಕ್ಟೋಬರ್ ತನಕ ಕಾಯ್ಬೇಡಿ, ಮೇ ತಿಂಗಳಲ್ಲೇ ಬೇಡಿಕೆ ಪತ್ರ ಕೊಡಿ, ಎಷ್ಟು ಮರಿ ಅಂತ ಮಾತ್ರ ಅಲ್ಲ, ಎಷ್ಟಿಂಚಿಂದು, ಯಾವ ತಳಿ ಅಂತಾನೂ ಬರೆದು ಸ್ವೀಕೃತಿ ತಗೊಳ್ಳಿ. ಹೆಕ್ಟೇರಿಗೆ 2ರಿಂದ 4 ಸಾವಿರ ಬಲಿತ ಮರಿ ಲೆಕ್ಕ ಇಟ್ಕೊಳ್ಳಿ, ಅದಕ್ಕಿಂತ ಜಾಸ್ತಿ ತುಂಬೋದ್ರಿಂದ ಲಾಭ ಇಲ್ಲ.

ನನ್ನ ಕೇಳಿದ್ರೆ ಬಲಿತ ಮರಿಗೆ ಸರ್ಕಾರನ ನಂಬ್ಕೊಂಡು ಕೂರೋದೇ ಬೇಡ. ಜುಲೈನಲ್ಲಿ ಇಂಚಿನ ಮರಿ ಕಡಿಮೆ ಬೆಲೆಗೆ ಸಿಗುತ್ತೆ, ಸಂಘದ ನಾಲ್ಕೈದು ಜನರ ಕೃಷಿಹೊಂಡ ಇದ್ದೇ ಇರುತ್ತಲ್ಲ, 21 ಮೀಟರ್ ಉದ್ದಗಲದ ಹೊಂಡಕ್ಕೆ 8-10 ಸಾವಿರ ಬಿಟ್ಟು ಹಿಂಡಿ ತೌಡು ಹಾಕಿ. ಎರಡು ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿನೇ ಬೆರಳುದ್ದ ಆಗಿ ಸಿಗುತ್ತೆ. ಕೆರೆಗೆ ಬಿಡುವಾಗ ಮರಿ ತುಂಬಿದ ಚೀಲನ ಹಾಗೇ ಕಟ್ಟಿದಂತೆ ಕಾಲು ಗಂಟೆ ನೀರಲ್ಲಿ ತೇಲಿಬಿಡಿ, ಆಮೇಲೆ ಬಾಯಿ ಬಿಚ್ಚಿ ಕೆರೆ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಅವೇ ಈಜ್ಕೊಂಡು ಹೊರಗೆ ಬರ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಬೇಡ. ಬಿಡೋಕೆ ಮುಂಚೆ ಒಂದೆರಡು ದಿನ ಬೆಳಗಿನ ಜಾವ ಹೋಗಿ ನೋಡಿ, ನೀರು ದಟ್ಟ ಹಸಿರಾಗಿದ್ದು ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಆಮ್ಲಜನಕ ಕಮ್ಮಿ ಅಂತ ಅರ್ಥ, ಅಂಥಾಗ ಒಂದು ವಾರ ತಡೀರಿ.