ಆವತ್ತು ನಾನೂ ಅಲ್ಲೇ ಇದ್ದೆ: ಬೇಸ್‌ಬಾಲ್ ನೆನಪುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ಅಮೆರಿಕದಲ್ಲಿರೋ ನಮ್ಮ ಓದುಗರಿಗೆ ಒಂದು ಮಾತು ಕೇಳಿದ್ದೆ, ನಿಮ್ಮೂರಿನ ಹಳೇ ಬೇಸ್‌ಬಾಲ್ ಅಭಿಮಾನಿಗಳು ತಮ್ಮ ಕಾಲದ ದೊಡ್ಡ ಆಟಗಾರರ ಬಗ್ಗೆ ಏನು ಹೇಳ್ತಾರೆ ಬರೆದು ಕಳ್ಸಿ ಅಂತ. ಕಥೆಗಳೂ ಬಂದ್ವು, ಅದರ ಜೊತೆ ಪ್ರಶ್ನೆಗಳೂ ಬಂದ್ವು. ಕೆಲವಕ್ಕೆ ಇಲ್ಲಿ ಉತ್ತರ ಕೊಡ್ತಿದೀನಿ, ಮೊದಲ್ನೇದಕ್ಕೆ ಸ್ವಲ್ಪ ಜಾಸ್ತೀನೇ ಜಾಗ ತಗೊಂಡಿದೀನಿ.

ಪ್ರಶ್ನೆ: ಮೇಡಂ, ನಾವಿರೋದು ಪಿಟ್ಸ್‌ಬರ್ಗ್‌ನಲ್ಲಿ. ಪಕ್ಕದ ಮನೇಲಿ ಎಂಬತ್ತರ ಹತ್ತಿರದ ಹಿರಿಯರೊಬ್ಬರಿದಾರೆ. ಇಲ್ಲಿನ ಪೈರೇಟ್ಸ್ ಟೀಮಿನ ರಾಬರ್ಟೋ ಕ್ಲೆಮೆಂಟೆ 3000ನೇ ಹಿಟ್ (ಚೆಂಡು ಹೊಡೆದು ಬೇಸ್ ತಲುಪೋದು) ಹೊಡೆದ ದಿನ ತಾನು ಸ್ಟೇಡಿಯಂನಲ್ಲಿದ್ದೆ, ಕಾಲಿಡೋಕೂ ಜಾಗ ಇರ್ಲಿಲ್ಲ ಅಂತ ಯಾವಾಗ್ಲೂ ಹೇಳ್ತಾರೆ. ನನ್ನ ಮಗ ಹುಡುಕಿ ನೋಡಿ ಆವತ್ತು ಬಂದಿದ್ದು ಬರೀ 13 ಸಾವಿರ ಜನ ಅಂತ ತೋರಿಸ್ದ. ಹಾಗಾದ್ರೆ ಅವರು ಹೇಳ್ತಿರೋದು ಸುಳ್ಳಾ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. 1972ರ ಸೆಪ್ಟೆಂಬರ್ 30, ತ್ರೀ ರಿವರ್ಸ್ ಸ್ಟೇಡಿಯಂ, ಎದುರಾಳಿ ನ್ಯೂಯಾರ್ಕ್ ಮೆಟ್ಸ್, ಚೆಂಡೆಸೆದ ಪಿಚರ್ ಜಾನ್ ಮ್ಯಾಟ್ಲಾಕ್, ಹೊಡೆದಿದ್ದು ಡಬಲ್ ಅಂದ್ರೆ ಒಂದೇ ಏಟಿಗೆ ಎರಡನೇ ಬೇಸ್, ಬಂದಿದ್ದ ಜನ 13,117. ಸ್ಟೇಡಿಯಂನಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಟು ಖಾಲಿ ಇತ್ತು. ಆದ್ರೂ ಅವರನ್ನ ಸುಳ್ಳುಗಾರ ಅನ್ನೋಕೆ ಹೋಗ್ಬೇಡಿ ದಯವಿಟ್ಟು. ಆಮೇಲೆ ಏನಾಯ್ತು ಅಂತ ನೋಡಿ. ಡಿಸೆಂಬರ್‌ನಲ್ಲಿ ನಿಕರಾಗುವಾದ ಮನಾಗುವಾದಲ್ಲಿ ಭೂಕಂಪ ಆಯ್ತು, ಅಲ್ಲಿಗೆ ಪರಿಹಾರ ಸಾಮಾನು ತಗೊಂಡು ಹೋಗ್ತೀನಿ ಅಂತ ಕ್ಲೆಮೆಂಟೆ ತಾವೇ ವಿಮಾನ ಹತ್ತಿದ್ರು, ಡಿಸೆಂಬರ್ 31ರ ರಾತ್ರಿ ಪೋರ್ಟೊ ರಿಕೊದ ಸಾನ್ ಹುವಾನ್‌ನಿಂದ ಹೊರಟ ಆ ವಿಮಾನ ಸಮುದ್ರಕ್ಕೆ ಬಿತ್ತು, ಅವರ ದೇಹ ಸಿಗ್ಲೇ ಇಲ್ಲ. ವಯಸ್ಸು 38. ಲೆಕ್ಕದಲ್ಲಿ ಉಳಿದಿದ್ದು ಸರಿಯಾಗಿ 3000 ಹಿಟ್, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ. ಸೆಪ್ಟೆಂಬರ್‌ನಲ್ಲಿ ಅದು ಒಂದು ಮ್ಯಾಚ್ ಅಷ್ಟೇ ಆಗಿತ್ತು, ಮುಂದಿನ ವರ್ಷಾನೂ ಇವರು ಆಡ್ತಾರಲ್ಲ ಅಂತ ಜನ ಮನೇಲೇ ಉಳ್ಕೊಂಡಿದ್ರು. ಮೂರು ತಿಂಗಳಾದ್ಮೇಲೆ ಅದೇ ಮ್ಯಾಚು ಇಡೀ ಊರಿಗೆ ಸೇರಿದ್ದಾಗೋಯ್ತು. ನಿಮ್ಮ ಪಕ್ಕದ ಮನೆಯವರ ಮನಸ್ಸಲ್ಲಿ ಖಾಲಿ ಸೀಟುಗಳೆಲ್ಲ ತುಂಬ್ಕೊಂಡಿದ್ದು ಆ ದುಃಖದಿಂದ ಅಂತ ನಂಗನ್ಸುತ್ತೆ.

ಎಷ್ಟು ಜನ ಇದ್ರು ಅಂತ ಅವರನ್ನ ಕೇಳಲೇಬೇಡಿ. ಬ್ಯಾಟಿಂಗ್‌ಗೆ ಬರುವಾಗ ಕ್ಲೆಮೆಂಟೆ ಕತ್ತು ಹೇಗೆ ತಿರುಗಿಸ್ತಿದ್ರು ಅಂತ ಕೇಳಿ. ಕತ್ತು ಹಿಡ್ಕೊಂಡಿರೋರ ಥರ ಆ ಕಡೆ ಈ ಕಡೆ ತಿರುಗಿಸಿ ನೆಟಿಗೆ ತೆಗೆಯೋ ಅಭ್ಯಾಸ ಅವರಿಗಿತ್ತು, ನೋಡಿದೋರು ಯಾರೂ ಅದನ್ನ ಮರೆಯಲ್ಲ. ಎರಡನೇ ಬೇಸ್ ಮೇಲೆ ನಿಂತು ಹೆಲ್ಮೆಟ್ ಎತ್ತಿದ್ದು ಹೇಗೆ ಅಂತ ಕೇಳಿ. ಮಾತಲ್ಲಿ ಹೇಳೋ ಬದಲು ಅವರು ಕುರ್ಚಿಯಿಂದ ಎದ್ದು ನಿಂತು ಮಾಡಿ ತೋರಿಸಿದ್ರೆ ಆವತ್ತು ಅಲ್ಲಿದ್ರು ಅಂತ್ಲೇ ತಿಳ್ಕೊಳಿ.

ಪಿಟ್ಸ್‌ಬರ್ಗ್‌ನಲ್ಲೇ ಇದೀರಲ್ಲ, ಅಕ್ಟೋಬರ್ 13ರಂದು ಒಂದ್ಸಲ ನಿಮ್ಮೂರಿನ ಓಕ್‌ಲ್ಯಾಂಡ್ ಬಡಾವಣೆ ಕಡೆ ಹೋಗಿ ಬನ್ನಿ. ಪೈರೇಟ್ಸ್‌ನ ಹಳೇ ಮೈದಾನ ಫೋರ್ಬ್ಸ್ ಫೀಲ್ಡ್ ಕೆಡವಿ ಐವತ್ತು ವರ್ಷದ ಮೇಲಾಯ್ತು, ಆದ್ರೆ ಅದರ ಹೊರಗಿನ ಇಟ್ಟಿಗೆ ಗೋಡೆ ಒಂದಷ್ಟು ಇನ್ನೂ ನಿಂತಿದೆ. ಪ್ರತಿ ವರ್ಷ ಆ ದಿನ ಜನ ಅಲ್ಲಿ ಸೇರಿ 1960ರ ವರ್ಲ್ಡ್ ಸೀರೀಸ್ (ಚಾಂಪಿಯನ್ ಯಾರು ಅಂತ ತೀರ್ಮಾನ ಆಗೋ ಸರಣಿ) ಏಳನೇ ಮ್ಯಾಚಿನ ರೇಡಿಯೋ ಕಾಮೆಂಟರಿ ಮೊದಲಿಂದ ಕೊನೇವರೆಗೆ ಕೂತು ಕೇಳ್ತಾರೆ. ಬಿಲ್ ಮ್ಯಾಜೆರೋಸ್ಕಿ ಒಂಬತ್ತನೇ ಇನ್ನಿಂಗ್‌ನಲ್ಲಿ ಹೋಮ್ ರನ್ ಹೊಡೆದು ಪೈರೇಟ್ಸ್‌ನ 10-9ರಲ್ಲಿ ಯಾಂಕೀಸ್ ವಿರುದ್ಧ ಗೆಲ್ಲಿಸಿದ ಮ್ಯಾಚ್ ಅದು. ಆವತ್ತು ಚೆಂಡು ಗೋಡೆ ದಾಟಿದ್ದು ಮಧ್ಯಾಹ್ನ 3:36ಕ್ಕೆ, ಈಗ್ಲೂ ಅದೇ ಹೊತ್ತಿಗೆ ಬರೋ ಹಾಗೆ ಟೇಪ್ ಹಚ್ತಾರೆ.

ನಾನು ಹೋಗಿದ್ದಾಗ ನನ್ನ ಪಕ್ಕ ಒಬ್ಬ ಅಜ್ಜ ಮಡಚೋ ಕುರ್ಚಿ ಹಾಕ್ಕೊಂಡು ಕೂತಿದ್ರು, ತೊಡೆ ಮೇಲೆ ರಟ್ಟು, ರಟ್ಟಿನ ಮೇಲೆ ಖಾಲಿ ಸ್ಕೋರ್‌ಕಾರ್ಡ್, ಕೈಲಿ ತುದಿ ಮೊಂಡಾದ ಪೆನ್ಸಿಲ್. ಆಗಿ ಮುಗಿದು ಅಷ್ಟು ವರ್ಷ ಆದ ಮ್ಯಾಚಿಗೆ ಒಂದೊಂದೇ ಮನೆ ತುಂಬಿಸ್ತಾ ಸ್ಕೋರ್ ಬರೀತಿದ್ರು, ಪ್ರತಿ ವರ್ಷ ಹೊಸ ಕಾರ್ಡಂತೆ. ಎಂಟನೇ ಇನ್ನಿಂಗ್ ಬಂತು, ಇಬ್ಬರು ಔಟಾಗಿದ್ರು, ಕ್ಲೆಮೆಂಟೆ ಹೊಡೆದ ಚೆಂಡು ಮೆಲ್ಲಗೆ ಮೊದಲ ಬೇಸ್ ಕಡೆ ಉರುಳ್ತು, ಯಾಂಕೀಸ್ ಪಿಚರ್ ಬೇಸ್ ಕಾಯೋಕೆ ಬರ್ಲಿಲ್ಲ, ಕ್ಲೆಮೆಂಟೆ ಓಡಿ ಮುಟ್ಬಿಟ್ರು, ಒಂದು ರನ್ ಬಂತು. ಅದಾದ್ಮೇಲೆ ಹಾಲ್ ಸ್ಮಿತ್ ಮೂರು ರನ್ನಿನ ಹೋಮ್ ರನ್ ಹೊಡೆದ್ರು. ಅಜ್ಜ ಆ ಮನೆ ಮೇಲೆ ಪೆನ್ಸಿಲ್ ಒತ್ತಿ ಹಿಡಿದು ನನ್ನ ಕಡೆ ತಿರುಗಿಸಿ ತೋರಿಸಿದ್ರು, ಎಲ್ರೂ ಮ್ಯಾಜೆರೋಸ್ಕಿ ಮ್ಯಾಜೆರೋಸ್ಕಿ ಅಂತಾರೆ, ಈ ಓಟ ಇಲ್ದಿದ್ರೆ ಅದೆಲ್ಲಿಂದ ಬರ್ತಿತ್ತು ಅಂದ್ರು. ಆಮೇಲೆ ಇಡೀ ಕಾರ್ಡ್ ಮೇಲೆ ಬೆರಳಾಡಿಸಿ ಎಲ್ಲಾದ್ರೂ ಕೆ ಅಕ್ಷರ ಕಾಣುತ್ತಾ ನೋಡು ಅಂದ್ರು. ಸ್ಟ್ರೈಕ್‌ಔಟ್ ಆದ್ರೆ ಹಾಕೋ ಗುರುತು ಅದು. ಒಂದೂ ಇರ್ಲಿಲ್ಲ, ಎರಡೂ ಕಡೆ ಸೇರಿ ಒಬ್ಬ ಬ್ಯಾಟರ್ ಕೂಡ ಸ್ಟ್ರೈಕ್‌ಔಟ್ ಆಗ್ದೇ ಇದ್ದ ಮ್ಯಾಚದು.

ಇನ್ನೊಂದು ವಿಷಯ. ಆ ಟೇಪಲ್ಲಿ ಹೋಮ್ ರನ್ ಕ್ಷಣದಲ್ಲಿ ಕಾಮೆಂಟೇಟರ್ ಚಕ್ ಥಾಂಪ್ಸನ್ ಪಿಚರ್ ಹೆಸರನ್ನೇ ತಪ್ಪಾಗಿ ಹೇಳ್ತಾರೆ, ಎಸೆದಿದ್ದು ರಾಲ್ಫ್ ಟೆರಿ, ಅವರು ಅಂದಿದ್ದು ಆರ್ಟ್ ಡಿಟ್ಮಾರ್. ಕಣ್ಣೆದುರೇ ನೋಡ್ತಾ ಮೈಕ್ ಹಿಡಿದು ಕೂತಿದ್ದವರಿಗೇ ಆ ಗಲಾಟೇಲಿ ಹೆಸರು ತಪ್ಪಿತು ಅಂದ್ಮೇಲೆ ಐವತ್ತು ವರ್ಷದ ಮೇಲೆ ನೆನಪು ಮಾಡ್ಕೊಳ್ಳೋ ನಿಮ್ಮ ನೆರೆಯವರಿಗೆ ಜನರ ಲೆಕ್ಕ ತಪ್ಪಿದ್ರೆ ಅದೇನು ದೊಡ್ಡ ತಪ್ಪಾ ಹೇಳಿ. ಅದೇ ಮ್ಯಾಚಿನ ಪೂರ್ತಿ ಟಿವಿ ಫಿಲ್ಮ್ ಕಳೆದೇ ಹೋಗಿದೆ ಅಂತ ಎಲ್ರೂ ಅಂದ್ಕೊಂಡಿದ್ರು, ಪೈರೇಟ್ಸ್‌ನಲ್ಲಿ ಪಾಲಿದ್ದ ಗಾಯಕ ಬಿಂಗ್ ಕ್ರಾಸ್ಬಿ ಮನೆಯ ವೈನ್ ಇಡೋ ನೆಲಮಾಳಿಗೆಯಲ್ಲಿ 2009ರಲ್ಲಿ ಸಿಕ್ತು. ಅಲ್ಲೀವರೆಗೆ ಆ ಮ್ಯಾಚು ಬದುಕಿದ್ದು ಬಹುಪಾಲು ಜನರ ಬಾಯಲ್ಲೇ.

ಪ್ರಶ್ನೆ: ಬಾಲ್ಟಿಮೋರ್‌ನಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಕ್ಯಾಲ್ ರಿಪ್ಕೆನ್ ಹೆಸರೆತ್ತಿದ್ರೆ ಕಣ್ಣೀರು ಹಾಕ್ತಾರೆ. ವಿಚಾರಿಸಿದ್ರೆ ರಜೆ ಹಾಕ್ದೇ ಸತತವಾಗಿ ಆಡಿದ ದಾಖಲೆಯಂತೆ. ಹಾಜರಿ ದಾಖಲೆಗೆ ಯಾರಾದ್ರೂ ಅಳ್ತಾರಾ?

ಉತ್ತರ: ಅಳ್ತಾರೆ. ಯಾಂಕೀಸ್‌ನ ಲೂ ಗೆಹ್ರಿಗ್ ಸತತ 2,130 ಮ್ಯಾಚ್ ಆಡಿದ್ರು, ಅದು ನಿಂತಿದ್ದು 1939ರಲ್ಲಿ, ಎಎಲ್‌ಎಸ್ ಅನ್ನೋ ನರದ ಕಾಯಿಲೆ ಅವರ ಕೈಕಾಲಿನ ಶಕ್ತಿ ಕಿತ್ಕೊಂಡಾಗ. 1941ರಲ್ಲಿ ತೀರ್ಕೊಂಡ್ರು. ಅವರ ಆ ಲೆಕ್ಕ ಐವತ್ತಾರು ವರ್ಷ ಹಾಗೇ ಇತ್ತು. 1995ರ ಸೆಪ್ಟೆಂಬರ್ 6ಕ್ಕೆ ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್ ಮೈದಾನದಲ್ಲಿ ರಿಪ್ಕೆನ್ ಅದನ್ನ ದಾಟಿದ್ರು. ಹಿಂದಿನ ವರ್ಷ ಆಟಗಾರರ ಮುಷ್ಕರ ಆಗಿ ವರ್ಲ್ಡ್ ಸೀರೀಸೇ ರದ್ದಾಗಿತ್ತು ಅನ್ನೋದು ಇಲ್ಲಿ ನೆನಪಿರ್ಲಿ, ಅಭಿಮಾನಿಗಳು ಆಟದ ಮೇಲೆ ಮುನಿಸ್ಕೊಂಡು ಕೂತಿದ್ದ ಹೊತ್ತದು. ಐದನೇ ಇನ್ನಿಂಗ್‌ನ ಅರ್ಧ ಮುಗೀತು, ಅಲ್ಲಿಗೆ ಮ್ಯಾಚು ಲೆಕ್ಕಕ್ಕೆ ಬಂತು, ಮೈದಾನದ ಆಚೆ ಇರೋ ಹಳೇ ಗೋದಾಮಿನ ಗೋಡೆ ಮೇಲೆ ದಿನಾ ಸಂಖ್ಯೆ ಬದಲಾಯಿಸ್ತಿದ್ದ ಬ್ಯಾನರ್ ಬಿಚ್ಚಿತು, 2131. ಚಪ್ಪಾಳೆ 22 ನಿಮಿಷ ನಿಲ್ಲಲಿಲ್ಲ. ರಿಪ್ಕೆನ್ ಆಟಗಾರರು ಕೂರೋ ಡಗ್‌ಔಟ್ ಒಳಗೇ ಹೋಗ್ತಿದ್ರು, ಜೊತೆ ಆಟಗಾರರು ಹಿಡಿದು ಹೊರಗೆ ನೂಕಿದ್ರು, ಆಮೇಲೆ ಅವರು ಇಡೀ ಮೈದಾನದ ಸುತ್ತ ನಡೀತಾ ಕಟಾಂಜನದ ಆಚೆ ಚಾಚಿದ್ದ ಕೈಗಳನ್ನ ಮುಟ್ಕೊಂಡು ಹೋದ್ರು, ಎದುರಾಳಿ ಆಟಗಾರರ ಕೈಯನ್ನೂ. ನಿಮ್ಮ ಸಹೋದ್ಯೋಗಿ ಯಾವ ಸಾಲಲ್ಲಿ ಕೂತಿದ್ರು, ಕೈ ಸಿಕ್ತಾ ಅಂತ ಕೇಳಿ. ಸಿಕ್ದೇ ಇದ್ರೂ ಮುಂದಿನ ಸಾಲಿನವರಿಗೆ ಸಿಕ್ಕಿದ್ದನ್ನ ತಮಗೇ ಸಿಕ್ಕಿದಷ್ಟು ಖುಷಿಯಿಂದ ಹೇಳ್ತಾರೆ.

ಪ್ರಶ್ನೆ: ಅಟ್ಲಾಂಟಾದ ನಮ್ಮ ಆಫೀಸಲ್ಲಿ ಇಬ್ಬರು ಹಿರಿಯರಿದ್ರು. ಹ್ಯಾಂಕ್ ಏರನ್ 715ನೇ ಹೋಮ್ ರನ್ ಹೊಡೆದ ರಾತ್ರಿ ಬಗ್ಗೆ ಒಬ್ಬರು, ಬಿಳಿಯರು, ಹಬ್ಬ ಇದ್ದಂಗಿತ್ತು ಅಂತಿದ್ರು. ಇನ್ನೊಬ್ಬರು, ಕಪ್ಪು ಜನಾಂಗದವರು, ನಮ್ಮನೇಲಿ ಎಲ್ರೂ ಉಸಿರು ಬಿಗಿ ಹಿಡಿದು ಕೂತಿದ್ವಿ ಅಂತಿದ್ರು. ಒಂದೇ ರಾತ್ರಿಗೆ ಇಷ್ಟು ಬೇರೆ ನೆನಪು ಹೇಗೆ?

ಉತ್ತರ: ಇಬ್ಬರೂ ನಿಜಾನೇ ಹೇಳಿದಾರೆ, ಆದ್ರೆ ಎರಡನೆಯವರ ಮಾತನ್ನ ನಾನು ಜಾಸ್ತಿ ಹೊತ್ತು ಕೇಳ್ತೀನಿ. ಬೇಬ್ ರೂತ್ ಅವರ 714 ಹೋಮ್ ರನ್ ದಾಖಲೆ ಹತ್ತಿರ ಬರ್ತಿದ್ದಂಗೆ ಏರನ್‌ಗೆ ಕಾಗದಗಳು ಲಕ್ಷಗಟ್ಟಲೆ ಬಂದ್ವು, ಹರಸಿ ಬರೆದೋರೂ ಇದ್ರು, ಆದ್ರೆ ಕಪ್ಪು ಮನುಷ್ಯ ರೂತ್ ದಾಖಲೆ ಮುರೀಬಾರ್ದು, ಮುರಿದ್ರೆ ಕೊಲ್ತೀವಿ ಅಂತ ಬರೆದ ಕಾಗದಗಳೂ ರಾಶಿ ಇದ್ವು. 1973ರ ಸೀಸನ್ 713ಕ್ಕೆ ಮುಗೀತು, ಇಡೀ ಚಳಿಗಾಲ ಆ ಒಂದೆರಡು ಹೋಮ್ ರನ್ ತಲೆ ಮೇಲೆ ಕತ್ತಿ ಥರ ತೂಗ್ತಾ ಇತ್ತು. 1974ರ ಏಪ್ರಿಲ್ 8ರಂದು, ಡಾಡ್ಜರ್ಸ್ ಪಿಚರ್ ಆಲ್ ಡೌನಿಂಗ್ ಎಸೆದ ಚೆಂಡು ಗೋಡೆ ದಾಟಿ, ಪಿಚರ್‌ಗಳು ಅಭ್ಯಾಸ ಮಾಡೋ ಜಾಗವಾದ ಬುಲ್‌ಪೆನ್‌ಗೆ ಬಿತ್ತು. ಏರನ್ ಬೇಸ್‌ಗಳ ಸುತ್ತ ಓಡ್ತಿದ್ದಾಗ ಇಬ್ಬರು ಬಿಳಿ ಹುಡುಗರು ಮೈದಾನಕ್ಕೆ ನುಗ್ಗಿ ಅವರ ಬೆನ್ನು ತಟ್ಟಿದ್ರು. ಟಿವಿ ಮುಂದಿದ್ದ ಮೊದಲನೆಯವರಿಗೆ ಅದು ಹುಡುಗರ ಖುಷಿ. ಎರಡನೆಯವರ ಮನೇಲಿ ಆ ಎರಡು ಸೆಕೆಂಡು ಏನನ್ಸಿರ್ಬೇಕು ಯೋಚ್ನೆ ಮಾಡಿ. ಏರನ್ ಕಾವಲಿಗೆ ನೇಮಿಸಿದ್ದ ಪೊಲೀಸ್ ಅಧಿಕಾರಿ ಬೈನಾಕ್ಯುಲರ್ ಪೆಟ್ಟಿಗೇಲಿ ಪಿಸ್ತೂಲು ಇಟ್ಕೊಂಡು ಪ್ರೇಕ್ಷಕರ ಮಧ್ಯೆ ಕೂತಿದ್ರು, ಅವರೂ ಅದೇ ಕ್ಷಣದಲ್ಲಿ ತೆಗೀಲೋ ಬೇಡ್ವೋ ಅಂತ ತೀರ್ಮಾನ ಮಾಡ್ಬೇಕಿತ್ತು, ಸದ್ಯ ತೆಗೀಲಿಲ್ಲ. ಹೋಮ್ ಪ್ಲೇಟ್ ಹತ್ರ ಅಮ್ಮ ಬಂದು ಮಗನ್ನ ಅಪ್ಪಿ ಬಿಗಿಯಾಗಿ ಹಿಡ್ಕೊಂಡ್ರು, ಆ ಫೋಟೋ ನೋಡಿ. ನನಗದ್ರಲ್ಲಿ ಸಂಭ್ರಮ ಎಷ್ಟು ಕಾಣುತ್ತೋ ಮಗನಿಗೆ ಅಡ್ಡ ನಿಂತ ತಾಯೀನೂ ಅಷ್ಟೇ ಕಾಣ್ತಾರೆ. ಆ ದ್ವೇಷದ ಕಾಗದಗಳನ್ನ ಏರನ್ ಎಸೀದೆ ಇಟ್ಕೊಂಡಿದ್ರು. ನೀವು ಬರೆದಿಡೋದಾದ್ರೆ ಆ ಇಬ್ಬರ ನೆನಪನ್ನೂ ಒಟ್ಟಿಗೆ ಬರೆದಿಡಿ, ಬೆರೆಸಿ ಒಂದು ಮಾಡ್ಬೇಡಿ.

ಪ್ರಶ್ನೆ: ಸಿಯಾಟಲ್‌ನಲ್ಲಿ ಬೆಳೆದ ನಾನು ಚಿಕ್ಕೋನಿದ್ದಾಗ ಕಣ್ಣಾರೆ ನೋಡಿದ್ದು ಇಚಿರೋ ಸುಜುಕಿ ಆಟ ಮಾತ್ರ. ಇದೂ ದಿಗ್ಗಜರ ನೆನಪು ಅಂತ ಲೆಕ್ಕಕ್ಕೆ ಬರುತ್ತಾ?

ಉತ್ತರ: ಖಂಡಿತ ಬರುತ್ತೆ. 2004ರಲ್ಲಿ ಒಂದೇ ಸೀಸನ್ನಿಗೆ 262 ಹಿಟ್, 1920ರಿಂದ ನಿಂತಿದ್ದ ಜಾರ್ಜ್ ಸಿಸ್ಲರ್ ಅವರ 257ನ್ನ ದಾಟಿ. ಮುರಿದ ರಾತ್ರಿ ಇಚಿರೋ ಸೀದಾ ಹೋಗಿ ಅಲ್ಲಿ ಕೂತಿದ್ದ ಸಿಸ್ಲರ್ ಅವರ ವಯಸ್ಸಾದ ಮಗಳನ್ನ ಮಾತಾಡಿಸಿದ್ರು, 2009ರಲ್ಲಿ ಸೇಂಟ್ ಲೂಯಿಸ್‌ಗೆ ಹೋಗಿ ಸಿಸ್ಲರ್ ಸಮಾಧಿಗೆ ಹೂವಿಟ್ಟು ಬಂದ್ರು. ಯಾರ ದಾಖಲೆ ಮುರಿದ್ವೋ ಅವರ ಮನೆಯವರನ್ನ ನೆನೆಸ್ಕೊಳ್ಳೋದು ನಂಗೆ ತುಂಬಾ ಇಷ್ಟವಾದ ಗುಣ. 2025ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೂ ಸೇರಿದ್ರು, 394 ಮತದಲ್ಲಿ 393 ಅವರಿಗೇ. ಬಲಗೈಯಲ್ಲಿ ಬ್ಯಾಟನ್ನ ನೆಟ್ಟಗೆ ಪಿಚರ್ ಕಡೆ ಹಿಡಿದು ಎಡಗೈಯಿಂದ ತೋಳು ಎಳ್ಕೊಳ್ತಿದ್ದ ಆ ಭಂಗಿ ನಿಮ್ಮ ಶಾಲೆ ಮೈದಾನದಲ್ಲಿ ಎಷ್ಟು ಜನ ಹುಡುಗರು ಮಾಡ್ತಿದ್ರು ಅಂತ ಬರೆದು ಕಳ್ಸಿ, ಅದನ್ನ ನೀವು ಬರೀದಿದ್ರೆ ಬೇರೆ ಯಾರೂ ಬರೆಯಲ್ಲ.

ಪ್ರಶ್ನೆ: ಸೇಂಟ್ ಲೂಯಿಸ್‌ನ ವೃದ್ಧಾಶ್ರಮವೊಂದ್ರಲ್ಲಿ ಕೆಲಸ ಮಾಡ್ತೀನಿ. ಒಬ್ಬ ತಾತನಿಗೆ ಮರೆವಿನ ಕಾಯಿಲೆ, ಮಗಳ ಹೆಸರು ಒಂದೊಂದ್ಸಲ ಬರಲ್ಲ, ಆದ್ರೆ ಇಲ್ಲಿನ ಕಾರ್ಡಿನಲ್ಸ್ ಟೀಮಿನ ಸ್ಟ್ಯಾನ್ ಮ್ಯೂಸಿಯಲ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ಅವರ ನೆನಪುಗಳನ್ನ ಹೇಗೆ ಬರೆದಿಡ್ಲಿ?

ಉತ್ತರ: ಮೊದಲು ಅವರಿರೋ ಊರು ಎಂಥದ್ದು ನೋಡಿ, ಮರೆವಿನ ಕಾಯಿಲೆ ಇರೋರಿಗೆ ಬೇಸ್‌ಬಾಲ್ ಮಾತಾಡಿಸೋಕೆ ಅಂತಾನೇ ಕಾರ್ಡಿನಲ್ಸ್ ರೆಮಿನಿಸೆನ್ಸ್ ಲೀಗ್ ಅನ್ನೋ ಗುಂಪು ನಿಮ್ಮೂರಲ್ಲೇ ಶುರುವಾಗಿದ್ದು. ಮಗಳ ಹತ್ರ ಅದರ ವಿಷಯ ಹೇಳಿ.

ಬರೆಯೋದು ಹೇಗೆ ಅಂದ್ರೆ, ಅವರು ಹೇಳಿದ್ದನ್ನ ಅವರ ಮಾತಲ್ಲೇ ಮೊದಲು ಬರ್ಕೊಳಿ, ಮಧ್ಯೆ ತಿದ್ದಬೇಡಿ, ಯಾವ ವರ್ಷ ಅಂತ ಕೇಳಿ ಗಾಬರಿ ಮಾಡ್ಬೇಡಿ. ಯಾರು ಕರ್ಕೊಂಡ್ ಹೋಗಿದ್ರು, ಬಿಸಿಲಿತ್ತಾ, ರೇಡಿಯೋಲಿ ಕೇಳಿದ್ದಾದ್ರೆ ರೇಡಿಯೋ ಯಾವ ರೂಮಲ್ಲಿತ್ತು, ಇಂಥವು ಕೇಳಿ. ಎದುರಾಳಿ ಟೀಮು, ಮಳೆ, ಯಾರೋ ಹೊಡೆದ ಹೋಮ್ ರನ್ನು, ಇಷ್ಟು ಸಿಕ್ರೆ ಸಾಕು, ಮ್ಯಾಚ್ ಯಾವ್ದು ಅಂತ ನೀವು ಆಮೇಲೆ ರೆಟ್ರೋಶೀಟ್ ಅನ್ನೋ ವೆಬ್‌ಸೈಟಲ್ಲಿ ಹುಡುಕಬಹುದು. 1989ರಲ್ಲಿ ಡೇವಿಡ್ ಸ್ಮಿತ್ ಅನ್ನೋ ಜೀವಶಾಸ್ತ್ರದ ಪ್ರೊಫೆಸರ್ ಶುರು ಮಾಡಿದ್ದು ಅದು, ಟೀಮುಗಳ, ಪತ್ರಕರ್ತರ, ಅಭಿಮಾನಿಗಳ ಹತ್ರ ಇದ್ದ ಹಳೇ ಸ್ಕೋರ್ ಪುಸ್ತಕಗಳನ್ನ ಸೇರಿಸಿ ಸೇರಿಸಿ ಮ್ಯಾಚುಗಳನ್ನ ಒಬ್ಬೊಬ್ಬ ಬ್ಯಾಟರ್‌ಗೆ ಏನಾಯ್ತು ಅನ್ನೋ ಲೆಕ್ಕದಲ್ಲಿ ಮತ್ತೆ ಕಟ್ಟಿದಾರೆ. ಸಿಕ್ಕ ತಾರೀಖನ್ನ ಪಕ್ಕದಲ್ಲಿ ಬೇರೆ ಇಂಕಲ್ಲಿ ಬರೀರಿ, ತಾತ ಹೇಳಿದ್ದನ್ನ ಹೊಡೆದು ಹಾಕ್ಬೇಡಿ.

ಮ್ಯೂಸಿಯಲ್ ಒಂದೇ ಟೀಮಿಗೆ ಆಡಿ ಬಿಟ್ಟೋರು, ಹೊಡೆದ ಹಿಟ್ 3,630, ಅದ್ರಲ್ಲಿ ತವರು ಮೈದಾನದಲ್ಲಿ 1,815, ಹೊರಗಡೆ 1,815. ತಾತನಿಗೆ ಈ ಲೆಕ್ಕ ಹೇಳಿ ನೋಡಿ, ಮುಖ ಅರಳುತ್ತೆ. ಎಡಗೈ ಬ್ಯಾಟರ್ ಅವರು, ಮಂಡಿ ಹತ್ತಿರ ತಂದು, ಬೆನ್ನು ಬಾಗಿಸಿ, ಬಲ ಭುಜದ ಮೇಲಿಂದ ಗೋಡೆ ಮೂಲೆಯಿಂದ ಇಣುಕೋ ಥರ ಪಿಚರ್‌ನ ನೋಡ್ತಾ ನಿಲ್ತಿದ್ರು. ಜೇಬಲ್ಲಿ ಹಾರ್ಮೋನಿಕಾ ಇಟ್ಕೊಂಡು ಎಲ್ಲಿ ಹೋದ್ರೂ ನುಡಿಸ್ತಿದ್ರು. ಮುಂದಿನ ಸಲ ಡ್ಯೂಟಿಗೆ ಹೋಗುವಾಗ ಎಲ್ಲಿಂದಾದ್ರೂ ಒಂದು ಹಳೇ ಚರ್ಮದ ಗ್ಲೌಸ್ ತಗೊಂಡು ಹೋಗಿ ಅವರ ಕೈಗೆ ಹಾಕಿ, ಮಗಳು ಬಂದಿರೋ ಹೊತ್ತು ನೋಡ್ಕೊಂಡು. ಆಮೇಲೆ ಏನು ಹೇಳಿದ್ರು ಅಂತ ನಂಗೆ ಬರೀರಿ, ಮುಂದಿನ ಸಂಚಿಕೇಲಿ ಆ ಕಾಗದಕ್ಕೆ ಜಾಗ ಇಟ್ಟಿರ್ತೀನಿ.