ವಾಹನ ಪ್ರಶ್ನೋತ್ತರ: ಹೊಸ ಸ್ಪೋರ್ಟಿ ಕಾರು, ಮೊದಲ ಸಾವಿರ ಕಿಲೋಮೀಟರಿನ ಅನುಮಾನಗಳು

ಪ್ರಶ್ನೆ: ಹನ್ನೆರಡು ವರ್ಷ ಓಡಿಸಿದ 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್ ಕೊಟ್ಟು, ಮೂರು ವಾರಗಳ ಹಿಂದೆ ಹ್ಯುಂಡೈ ಐ20 ಎನ್ ಲೈನ್ ಮನೆಗೆ ತಂದಿದ್ದೇನೆ. ಆರು ಗೇರಿನ ಮ್ಯಾನ್ಯುಯಲ್ ಮಾದರಿ. ಇದುವರೆಗೆ 640 ಕಿ.ಮೀ. ಓಡಿದೆ. ಶಿರಾಡಿ ಘಾಟಿಯಲ್ಲಿ ಒಮ್ಮೆ ಇಳಿದು ಹತ್ತಿದಾಗ ಮನಸ್ಸು ತುಂಬಿತು. ಆದರೆ ನಿತ್ಯದ ಓಡಾಟದಲ್ಲಿ ಕೆಲವು ಅನುಮಾನಗಳಿವೆ. ಮೂರನೇ ಗೇರಿನಲ್ಲಿ 35 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಸ್ಟಿಯರಿಂಗ್ ಹಳೆಯ ಕಾರಿಗಿಂತ ಭಾರ. ತೋಟದ ರಸ್ತೆಯಲ್ಲಿ ಹಿಂದೆ ಕೂರುವ ತಂದೆಯವರು ಸೊಂಟ ಹಿಡಿದುಕೊಳ್ಳುತ್ತಾರೆ. ಹೊಸ ಗಾಡಿಯನ್ನು ಅರವತ್ತರ ಮೇಲೆ ಓಡಿಸಬೇಡಿ ಎಂದು ಕೆಲವರು, ಮೊದಲಿನಿಂದಲೇ ಚೆನ್ನಾಗಿ ಎಳೆದು ಪಳಗಿಸಿ ಎಂದು ಕೆಲವರು ಹೇಳುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 640 ಎಂಬ ಅಂಕಿಯ ಮೇಲೆ. ಅಷ್ಟು ಓಡಿದ ಕಾರಿನ ಬಗ್ಗೆ, ಅದರಲ್ಲೂ ಟರ್ಬೊ (ಹೊಗೆಯ ರಭಸಕ್ಕೆ ಸುತ್ತಿ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಚಕ್ರ) ಇರುವ ಇಂಜಿನ್ನಿನ ಕಾರಿನ ಬಗ್ಗೆ, ತೀರ್ಪು ಕೊಡುವುದು ಸ್ವಲ್ಪ ಅವಸರವಾಗುತ್ತದೆ. ಆದ್ದರಿಂದ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಎರಡು ಗುಂಪಿನವರ ಮಾತನ್ನೂ ಕೇಳಬೇಡಿ; ಕಾರಿನ ಜೊತೆ ಕೊಟ್ಟಿರುವ ಕೈಪಿಡಿಯ ಮಾತು ಕೇಳಿ. ಮೊದಲ 1000 ಕಿ.ಮೀ. ಇಂಜಿನ್ನಿನ ವೇಗವನ್ನು (ನಿಮಿಷಕ್ಕೆ ಅದು ಸುತ್ತುವ ಸಂಖ್ಯೆ, ಅಂದರೆ ಆರ್‌ಪಿಎಂ) 2000ದಿಂದ 4000 ಆರ್‌ಪಿಎಂ ನಡುವೆ ಇಟ್ಟುಕೊಳ್ಳಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ತುರ್ತು ಇಲ್ಲದಿದ್ದರೆ ಗಕ್ಕನೆ ಬ್ರೇಕ್ ಹಾಕಬೇಡಿ ಎನ್ನುವುದಷ್ಟೇ ಅದರ ಸಾರ. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಸರಿಯಾಗಿ ಕೂರಬೇಕಾದರೆ ಅವುಗಳ ಮೇಲಿನ ಒತ್ತಡ ಏರಿಳಿಯುತ್ತಿರಬೇಕು. ಅರವತ್ತರಲ್ಲೇ ಕಟ್ಟಿಹಾಕಿದಂತೆ ಹಾಸನದವರೆಗೆ ಹೋಗಿ ಬರುವುದಕ್ಕಿಂತ, ನೀವು ಶಿರಾಡಿಯಲ್ಲಿ ಗೇರ್ ಏರಿಸುತ್ತಾ ಇಳಿಸುತ್ತಾ ಓಡಿಸಿದ್ದೇ ಈ ಇಂಜಿನ್ನಿಗೆ ಒಳ್ಳೆಯ ಪಾಠ. ಮುಳ್ಳನ್ನು ಕೆಂಪು ಗೆರೆಗೆ ಮುಟ್ಟಿಸುವ ಆಸೆಯನ್ನು ಮಾತ್ರ ಇನ್ನು 360 ಕಿ.ಮೀ. ತಡೆದುಕೊಳ್ಳಿ.

ಇನ್ನು ಆ 'ಒಂದು ಕ್ಷಣ'ದ ವಿಷಯ. ಈ 998 ಸಿಸಿ ಮೂರು ಸಿಲಿಂಡರ್ ಇಂಜಿನ್ 120 ಪಿಎಸ್ ಶಕ್ತಿ ಕೊಡುತ್ತದೆ. 172 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) 1500ದಿಂದ 4000 ಆರ್‌ಪಿಎಂವರೆಗೂ ಸಿಗುತ್ತದೆ ಎಂದು ಬ್ರೋಷರಿನಲ್ಲಿ ಓದಿರುತ್ತೀರಿ. ನಿಮ್ಮ ಹಳೆಯ ಸ್ವಿಫ್ಟ್‌ನಲ್ಲಿ ಇದ್ದದ್ದು 114 ಎನ್‌ಎಂ, ಅದೂ 4000 ಆರ್‌ಪಿಎಂ ಹತ್ತಿರ. ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಹೊಸ ಕಾರು 1500ರಲ್ಲೇ ಹಳೆಯದನ್ನು ಹಿಂದೆ ಹಾಕಬೇಕು. ಆದರೆ ಬ್ರೋಷರಿನ ಟಾರ್ಕ್ ರೇಖೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಹೊಗೆಯ ರಭಸಕ್ಕೆ ಟರ್ಬೊ ಚಕ್ರ ಆಗಲೇ ಜೋರಾಗಿ ಸುತ್ತುತ್ತಿರುವಾಗ ಅಳೆದದ್ದು. ನೀವು ಮೂರನೇ ಗೇರಿನಲ್ಲಿ ಸುಮ್ಮನೆ ಬರುತ್ತಿರುವಾಗ ಆ ಚಕ್ರ ಅರೆನಿದ್ದೆಯಲ್ಲಿರುತ್ತದೆ. ನೀವು ಪೆಡಲ್ ಒತ್ತಿದ ಮೇಲೆ ಹೆಚ್ಚು ಇಂಧನ ಉರಿದು, ಹೆಚ್ಚು ಹೊಗೆ ಹೊರಟು, ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿನ ಮಟ್ಟಕ್ಕೆ ಏರಿ, ಅದು ಒತ್ತಿದ ಗಾಳಿ ಇಂಜಿನ್ನಿಗೆ ಬರುವವರೆಗೆ ನಿಮ್ಮ ಕೈಯಲ್ಲಿರುವುದು ಬರೀ ಒಂದು ಲೀಟರಿನ, ಟರ್ಬೊ ಇಲ್ಲದಂತಹ ಇಂಜಿನ್. ಇದು ದೋಷವಲ್ಲ, ಸಣ್ಣ ಟರ್ಬೊ ಇಂಜಿನ್ನುಗಳ ಹುಟ್ಟುಗುಣ.

ಹಳೆಯ ಕಾರಿನಲ್ಲಿ ಹನ್ನೆರಡು ವರ್ಷ ಬೇಗ ಬೇಗ ಮೇಲಿನ ಗೇರಿಗೆ ಹಾಕಿ ಓಡಿಸಿದ ಕೈ ನಿಮ್ಮದು ಎಂದು ನನ್ನ ಊಹೆ. ಆ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ, ಮೇಲಿನ ಗೇರಿನಲ್ಲಿ ಪೆಡಲನ್ನು ತಳಕ್ಕೆ ಒತ್ತುವುದು ಬರೀ ನಿಧಾನವಷ್ಟೇ ಅಲ್ಲ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ಇಂತಹ ಟರ್ಬೊ ಇಂಜಿನ್ನುಗಳಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಮುಂಚೆಯೇ ಇಂಧನ ಹೊತ್ತಿಕೊಳ್ಳುವ ಅಪಾಯವೂ ಅದರಿಂದ ಹೆಚ್ಚುತ್ತದೆ. ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿ. ಸ್ಟಿಯರಿಂಗ್ ತಿರುಗಿಸುವುದಕ್ಕೆ ಮುಂಚೆಯೇ, ಕಾರು ನೇರವಾಗಿರುವಾಗಲೇ ಬ್ರೇಕ್ ಮುಗಿಸಿ, ಎರಡನೇ ಗೇರಿಗೆ ಇಳಿಸಿ, ತಿರುವಿನ ಉದ್ದಕ್ಕೂ ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ಇರಿ. ಟರ್ಬೊ ಎಚ್ಚರವಾಗಿಯೇ ಇರುತ್ತದೆ. ತಿರುವು ಬಿಚ್ಚಿಕೊಳ್ಳುವ ಹೊತ್ತಿಗೆ ಕಿಟಕಿಯ ಗಾಜು ಇಳಿಸಿದ್ದರೆ ಸಣ್ಣ ಶಿಳ್ಳೆಯಂತಹ ಸದ್ದು ಕೇಳುತ್ತದೆ, ಕಾರು ತಡವಿಲ್ಲದೆ ಮೇಲೇರುತ್ತದೆ. ಆಗ ವೇಗದ ಮುಳ್ಳು ನಲವತ್ತೈದನ್ನೂ ದಾಟಿರುವುದಿಲ್ಲ. ಈ ಬಗೆಯ ಕಾರುಗಳ ಸೊಗಸು ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಕೊಟ್ಟಿಗೆಹಾರಕ್ಕೆ ಬಂದ ಕೂಡಲೇ ನೀರುದೋಸೆಯ ಆಸೆಗೆ ಗಾಡಿಯನ್ನು ಬದಿಗೆ ಹಾಕಿ ಕೀಲಿ ತಿರುಗಿಸಿ ಓಡಬೇಡಿ. ಘಟ್ಟ ಹತ್ತಿದ ಟರ್ಬೊ ಕಾದ ಬಾಣಲೆಯಂತಾಗಿರುತ್ತದೆ. ಕೊನೆಯ ಒಂದು ಕಿಲೋಮೀಟರನ್ನು ನಿಧಾನವಾಗಿ ಓಡಿಸಿ, ಅಥವಾ ಒಂದು ನಿಮಿಷ ಇಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಆಮೇಲೆ ಆರಿಸಿ. ಆಯಿಲ್ ಹರಿಯುತ್ತಿದ್ದರೆ ಬೇರಿಂಗುಗಳು ತಣಿಯುತ್ತವೆ. ಗಕ್ಕನೆ ನಿಲ್ಲಿಸಿದರೆ ಅಲ್ಲಿರುವ ಆಯಿಲ್ ಅಲ್ಲಿಯೇ ಸುಟ್ಟು ಕರಕಾಗುತ್ತದೆ.

ತಂದೆಯವರ ಸೊಂಟದ ವಿಷಯಕ್ಕೆ ಟೈರಿನ ಬದಿಯಲ್ಲೇ ಉತ್ತರ ಬರೆದಿದೆ. ನಿಮ್ಮ ಹೊಸ ಕಾರಿನದು 195/55 ಆರ್16; ಅಂದರೆ ಟೈರಿನ ಬದಿಯ ಎತ್ತರ ಅದರ 195 ಮಿ.ಮೀ. ಅಗಲದ ಶೇ 55, ಸುಮಾರು 107 ಮಿ.ಮೀ. ಹಳೆಯ ಸ್ವಿಫ್ಟ್‌ನಲ್ಲಿ 165/80 ಆರ್14 ಟೈರುಗಳಿದ್ದಿದ್ದರೆ ಆ ಎತ್ತರ 132 ಮಿ.ಮೀ. ಗುಂಡಿಗೂ ಬೆನ್ನಿಗೂ ನಡುವೆ ಇದ್ದ ರಬ್ಬರಿನ ಮೆತ್ತೆ ಹೀಗೆ ಒಂದು ಅಂಗುಲದಷ್ಟು ಕಡಿಮೆಯಾಗಿದೆ. ಅದರ ಮೇಲೆ ಎನ್ ಲೈನ್ ಮಾದರಿಯ ಸಸ್ಪೆನ್ಷನ್ನನ್ನು ಸಾಮಾನ್ಯ ಐ20ಗಿಂತ ಬೇಕೆಂದೇ ಬಿಗಿಯಾಗಿಸಿದ್ದಾರೆ. ಶಿರಾಡಿಯ ತಿರುವುಗಳಲ್ಲಿ ಕಾರು ವಾಲದೆ ನಿಂತದ್ದು ನಿಮಗೆ ಇಷ್ಟವಾಯಿತಲ್ಲ, ಅದಕ್ಕೆ ತೆರಬೇಕಾದ ಬೆಲೆ ತೋಟದ ರಸ್ತೆಯಲ್ಲಿ ಕಾಣಿಸುತ್ತಿದೆ. ಒಂದು ಕೆಲಸ ಮಾತ್ರ ನಾಳೆಯೇ ಮಾಡಿ. ಸಾಗಣೆಯ ವೇಳೆ ಹೊಸ ಕಾರಿನ ಟೈರುಗಳಿಗೆ ಹೆಚ್ಚು ಗಾಳಿ ತುಂಬಿರುತ್ತಾರೆ, ಗಿರಾಕಿಗೆ ಕೊಡುವಾಗ ಅದನ್ನು ಇಳಿಸಲು ಮರೆತಿರುವುದೂ ಉಂಟು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒತ್ತಡದ ಚೀಟಿ ಅಂಟಿಸಿರುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗ ಅದರಂತೆ ಗಾಳಿ ಸರಿಪಡಿಸಿ. ಹಾಗೆಂದು ಮೆತ್ತಗಾಗಲಿ ಎಂಬ ಆಸೆಗೆ ಚೀಟಿಯಲ್ಲಿರುವುದಕ್ಕಿಂತ ಕಡಿಮೆ ಮಾಡಬೇಡಿ. ಹಿಂದೊಮ್ಮೆ ನಾನು ಆ ಜಾಣತನ ಮಾಡಿ, ಮಳೆಗಾಲದಲ್ಲಿ ನೀರು ತುಂಬಿದ ಒಂದು ಗುಂಡಿಗೆ ಅಲಾಯ್ ಚಕ್ರದ ಅಂಚನ್ನು ಒಪ್ಪಿಸಿದ್ದೇನೆ. ಅದನ್ನು ಬಡಿದು ಸರಿಮಾಡಿಸಿದ ಮೇಲೂ ಎಂಬತ್ತು ದಾಟಿದರೆ ಸ್ಟಿಯರಿಂಗ್ ನಡುಗುತ್ತಿತ್ತು.

ಸ್ಟಿಯರಿಂಗಿನ ಭಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ವಿದ್ಯುತ್ ಮೋಟರಿನ ನೆರವನ್ನು ಬೇಕೆಂದೇ ಕಡಿಮೆ ಮಾಡಿದ್ದರಿಂದ ಬಂದ ಭಾರ. ಇನ್ನೊಂದು ತಿಂಗಳಿನಲ್ಲಿ ಸಾಮಾನ್ಯ ಕಾರುಗಳೇ ನಿಮಗೆ ಆಟಿಕೆಯಂತೆ ಅನ್ನಿಸುತ್ತವೆ. ತಂದೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ನನ್ನದೂ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆಯಿಂದ ಕಚೇರಿಗೆ ನಾಲ್ಕು ಕಿ.ಮೀ. ಮೈಲೇಜ್ ನಿರೀಕ್ಷಿಸಿದಷ್ಟು ಬರುತ್ತಿಲ್ಲ. ಶೋರೂಮಿನಲ್ಲಿ ಪೆಟ್ರೋಲಿಗೆ ಬೆರೆಸುವ ದ್ರಾವಣವೊಂದನ್ನು ಕೊಳ್ಳಲು ಒತ್ತಾಯಿಸುತ್ತಿದ್ದಾರೆ. ಹಾಕಿಸಲೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ನಾಲ್ಕು ಕಿಲೋಮೀಟರಿನಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ನೀವು ಕಚೇರಿಯ ಗೇಟಿನಲ್ಲಿರುತ್ತೀರಿ. ತಣ್ಣನೆಯ ಇಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಇಂಜಿನ್ ಆಗಿದ್ದರೆ, ಒಳಬರುವ ಗಾಳಿಯ ಕವಾಟಗಳನ್ನು ಪೆಟ್ರೋಲ್ ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಕರಿ ಕಟ್ಟುತ್ತದೆ. ಟ್ಯಾಂಕಿಗೆ ಸುರಿದ ದ್ರಾವಣ ಆ ಕವಾಟಗಳನ್ನು ಮುಟ್ಟುವುದೇ ಇಲ್ಲ. ವಾರಕ್ಕೊಮ್ಮೆ ಧಾರವಾಡದವರೆಗೆ ಹೋಗಿ ಬಂದರೆ ಕಾರಿಗೂ ಒಳ್ಳೆಯದು, ಪೇಡಾ ತಂದರೆ ಮನೆಯವರಿಗೂ ಒಳ್ಳೆಯದು.

ಇನ್ನೊಂದು ಕಾರಣ ಬಂಕಿನಲ್ಲಿದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟವನ್ನು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಉದ್ಘಾಟಿಸಿದರು. ಈಗ ಎಲ್ಲ ಕಡೆ ಸಿಗುವುದು ಅದೇ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ. ಆದ್ದರಿಂದ ಈ ಮಿಶ್ರಣದ ಪ್ರತಿ ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ. ಹೊಸ ಕಾರುಗಳ ರಬ್ಬರು, ಪೈಪುಗಳು ಇದಕ್ಕೆ ಹೊಂದುವಂತೆ ಬಂದಿರುವುದರಿಂದ ಭಯ ಬೇಡ. ಮೈಲೇಜನ್ನು ಡ್ಯಾಶ್‌ಬೋರ್ಡಿನ ಪರದೆ ನೋಡಿ ನಂಬಬೇಡಿ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ ಲೆಕ್ಕ ಹಾಕಿ. ಅದೂ 3000 ಕಿ.ಮೀ. ಆದ ಮೇಲೆ.

ಪ್ರಶ್ನೆ: 120 ಪಿಎಸ್ ಇದ್ದರೂ ಈ ಕಾರುಗಳೆಲ್ಲ ಒಂದು ಲೀಟರ್, 1.2 ಲೀಟರ್ ಇಂಜಿನ್ನಿಗೇ ಏಕೆ ಅಂಟಿಕೊಂಡಿವೆ? ಹಳೆಯ ಫಿಯೆಟ್ ಪಾಲಿಯೊ 1.6 ಓಡಿಸಿದವರಿಗೆ ಇವು ಸಪ್ಪೆ ಎನ್ನಿಸುವುದಿಲ್ಲವೇ?
– ಓದುಗರು, ಮಂಗಳೂರು

ಉತ್ತರ: ಕಾರಣ ಎಂಜಿನಿಯರುಗಳದ್ದಲ್ಲ, ತೆರಿಗೆಯವರದ್ದು. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ 2006ರ ಕೇಂದ್ರ ಬಜೆಟ್ಟಿನಲ್ಲಿ ಅಬಕಾರಿ ಸುಂಕ ಇಳಿಸಿದರು. ಅಲ್ಲಿಂದ ಮುಂದೆ ನಮ್ಮ ಸಣ್ಣ ಕಾರುಗಳ ಮೂತಿ, ಬಾಲ, ಇಂಜಿನ್ ಎಲ್ಲವನ್ನೂ ಆ ಅಳತೆಗೆ ಕತ್ತರಿಸಲಾಗುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಈ ವರ್ಗಕ್ಕೆ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಯಾರೂ ಆ ಗೆರೆ ದಾಟುವ ಸಾಹಸ ಮಾಡುವುದಿಲ್ಲ. ಐ20ಯ ಉದ್ದ 3995 ಮಿ.ಮೀ. ಎಂದರೆ ನಿಮಗೇ ತಿಳಿಯುತ್ತದೆ. ಗೆರೆಯೊಳಗೇ ಇದ್ದುಕೊಂಡು ಹೆಚ್ಚು ಶಕ್ತಿ ತೆಗೆಯಲು ಉಳಿದಿರುವ ದಾರಿ ಟರ್ಬೊ ಒಂದೇ. 2013ರ ಪೋಲೊ ಜಿಟಿ ಟಿಎಸ್‌ಐ 1.2 ಲೀಟರಿನಲ್ಲಿ 105 ಪಿಎಸ್ ತೆಗೆದಿತ್ತು. 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ ಅಷ್ಟೇ ಗಾತ್ರದಲ್ಲಿ 120 ಪಿಎಸ್ ತೆಗೆಯಿತು.

ಪಾಲಿಯೊ ಬಗ್ಗೆ ನಿಮ್ಮ ಮೋಹ ನನಗೂ ಇದೆ. ದೊಡ್ಡ ಇಂಜಿನ್ ಕಾಲಿಟ್ಟ ಕೂಡಲೇ ಓಗೊಡುತ್ತಿತ್ತು, ಟರ್ಬೊಗಾಗಿ ಕಾಯುವ ಮಾತಿರಲಿಲ್ಲ. ಮೂರು ಸಿಲಿಂಡರುಗಳಲ್ಲಿ ಇಂಜಿನ್ನಿನ ದಂಡ 240 ಡಿಗ್ರಿ ತಿರುಗಿದಾಗಲೊಮ್ಮೆ ಒಂದು ಸ್ಫೋಟವಾದರೆ ಪಾಲಿಯೊದ ನಾಲ್ಕು ಸಿಲಿಂಡರುಗಳಲ್ಲಿ 180 ಡಿಗ್ರಿಗೊಮ್ಮೆ. ಸಿಗ್ನಲ್ಲಿನಲ್ಲಿ ನಿಂತಾಗ ಸೀಟಿನ ಕೆಳಗೆ ಬರುವ ಆ ಸಣ್ಣ ನಡುಕ ಇಂದಿನ ಕಾರುಗಳಿಗೆ ಅಂಟಿದ್ದೇ. ಆದರೆ ಬ್ರೇಕುಗಳ ಬಿಗಿಯಲ್ಲಿ, ಮಳೆಯಲ್ಲಿ ಜಾರದಂತೆ ಹಿಡಿದಿಡುವ ಇಲೆಕ್ಟ್ರಾನಿಕ್ ನೆರವಿನಲ್ಲಿ ಹೊಸ ಕಾರುಗಳೇ ಮುಂದು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಜುಲೈ ತಿಂಗಳಿನಲ್ಲಿ ಇಳಿಯಬೇಕಾದರೆ ನಾನು ಹಳೆಯ ಪಾಲಿಯೊ ಕೀಲಿ ಮುಟ್ಟುವುದಿಲ್ಲ.

ಪ್ರಶ್ನೆ: ಹೊಸ ಕಾರಿನ ಸದ್ದು ಸಾಲದು. ಹೊರಗಡೆ ಸೈಲೆನ್ಸರ್ ಬದಲಿಸಿ, ಕಂಪ್ಯೂಟರಿನಲ್ಲಿ ಇಂಜಿನ್ನಿನ ಶಕ್ತಿ ಏರಿಸಿ, ಬೆಂಗಳೂರು ಹೆದ್ದಾರಿಯಲ್ಲಿ ಒಮ್ಮೆ ಪೂರ್ತಿ ವೇಗ ನೋಡಬೇಕೆಂದಿದ್ದೇನೆ.
– ಓದುಗರು, ಮೈಸೂರು

ಉತ್ತರ: ಒಂದೇ ಉಸಿರಿನಲ್ಲಿ ಮೂರು ತಪ್ಪು. ನೋಂದಣಿಯಾದ ಕಾರನ್ನು ಹೀಗೆ ಮಾರ್ಪಡಿಸಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಇದೆ. ಇಂಜಿನ್ನಿನ ಕಂಪ್ಯೂಟರಿಗೆ ಕೈ ಹಾಕಿದರೆ ವಾರಂಟಿಯ ಆಸೆ ಬಿಡಬೇಕು. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಕಾರುಗಳ ಮಿತಿ 100 ಕಿ.ಮೀ.; 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಬರೀ ದಂಡವಲ್ಲ, ಎಫ್‌ಐಆರ್ ದಾಖಲಾಗುತ್ತದೆ, ಕ್ಯಾಮೆರಾಗಳು ನಿದ್ದೆ ಮಾಡುವುದಿಲ್ಲ. ಕಾರಿನ ಪೂರ್ತಿ ಶಕ್ತಿ ನೋಡಲೇಬೇಕಾದರೆ ಕೊಯಮತ್ತೂರಿನ ಕಾರಿ ಸ್ಪೀಡ್‌ವೇ ಮೈಸೂರಿನಿಂದ ದೂರವೇನಲ್ಲ. ಸಾರ್ವಜನಿಕರಿಗೆ ಟ್ರ್ಯಾಕ್ ತೆರೆಯುವ ದಿನ ವಿಚಾರಿಸಿಕೊಂಡು, ಹೆಲ್ಮೆಟ್ ತೆಗೆದುಕೊಂಡು ಹೋಗಿ. ಹೋಗುವ ಮುಂಚೆ ಮೊದಲ ಸರ್ವಿಸ್ ಮುಗಿದಿರಲಿ, ಬ್ರೇಕ್ ಪ್ಯಾಡುಗಳ ದಪ್ಪ ನೋಡಿಸಿರಲಿ. ಟ್ರ್ಯಾಕಿನಲ್ಲಿ ಅವು ರಸ್ತೆಯಲ್ಲಿ ಸವೆಯುವುದಕ್ಕಿಂತ ಎಷ್ಟೋ ಬೇಗ ಸವೆಯುತ್ತವೆ, ವಾಪಸ್ಸು ಬರುವ ದಾರಿಯಲ್ಲಿ ದಿಂಬಂ ಘಾಟಿಯ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳು ನಿಮಗಾಗಿ ಕಾಯುತ್ತಿರುತ್ತವೆ.